ಕೊಬ್ಬರಿಕಾಯಲ್ಲಿ ಎಷ್ಟು ‘ಬಿ’?

ತನ್ನ ಹತ್ತಿರ ಕದಿಯುವಂಥದ್ದೇನೋ ಇದೆ ಎಂದುಕೊಳ್ಳುವುದರಲ್ಲಿ ಒಂದು ದೊಡ್ಡಸ್ತಿಕೆಯಿದೆ. ನನಗದು ಅಂಟಿಕೊಂಡದ್ದು ನಿವೃತ್ತಿಯ ನಂತರ. ಮೇಷ್ಟರಾಗಿದ್ದಷ್ಟು ಕಾಲ ನನ್ನ ಛತ್ರಿಯನ್ನೂ ಯಾರೂ ಕದ್ದವರಲ್ಲ. ಈಗ ಮುಳಬಾಗಿಲಿನ ಮನೆಯಲ್ಲಿ ಕೂತು, ನಮ್ಮ ಸೀಮೆಯವರು ಕನ್ನಡಕ್ಕೆ ತೆಲುಗು ಬೆರೆಸಿ ಆಡುವ ಮಾತುಗಳನ್ನು ಆರು ವರ್ಷದಿಂದ ಕಂಪ್ಯೂಟರಿಗೆ ತುಂಬಿಸುತ್ತಿದ್ದೇನೆ. ಆವನಿಯಿಂದ ಕ್ಯಾಲನೂರಿನವರೆಗೆ ಬಸ್ಸುಗಳಲ್ಲಿ ಅಜ್ಜಿಯರ ಪಕ್ಕ ಕೂತು, ಬೈಸಿಕೊಂಡು ಸಂಪಾದಿಸಿದ ಪದಗಳು. ಇವುಗಳ ಮೇಲೆ ಪರದೇಶದ ಕಳ್ಳರೆಲ್ಲ ಕಣ್ಣಿಟ್ಟಿರಲೇಬೇಕಲ್ಲವೇ?

ಮೊಬೈಲಿನ ವಿಡಿಯೋ ಒಂದರಲ್ಲಿ ಒಬ್ಬ ಮಹಾನುಭಾವ ಹಾಗೇ ಹೆದರಿಸಿದ. ಫೈಲಿಗೆ ಪಾಸ್‌ವರ್ಡ್ ಹಾಕಿ, ಮನೆಯವರ ಹೆಸರು ಬೇಡ, ಸುಲಭಕ್ಕೆ ಊಹಿಸುವ ಪದ ಬೇಡ, ಎಲ್ಲೂ ಬರೆದಿಡಬೇಡಿ ಎಂದ. ನಾನು ತಲೆ ಓಡಿಸಿ, ತೆಂಗಿನಕಾಯಿಗೆ ತೆಲುಗಿನಲ್ಲಿ ಹೇಳುವ ‘ಕೊಬ್ಬರಿಕಾಯ’ವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿದೆ. ನಮ್ಮ ಬೀದಿನಾಯಿಯೂ ತೆಲುಗಿನಲ್ಲಿ ಗದರಿದರೆ ಮಾತ್ರ ಜಾಗ ಬಿಡುತ್ತದೆ. ಇಂಥ ಊರಿನಲ್ಲಿ ತೆಲುಗು ಪದ ಎಷ್ಟು ಗುಟ್ಟಾಗಿರುತ್ತದೆ ನೋಡಿ!

ಹದಿನೈದು ದಿನ ಜ್ವರದಲ್ಲಿ ಮಲಗಿ ಎದ್ದ ಬೆಳಿಗ್ಗೆ, ಕೋಲಾರದ ಪ್ರೆಸ್ಸಿಗೆ ಈ ಪದಗಳ ಪುಸ್ತಕ ಕಳಿಸೋಣವೆಂದು ಕೂತರೆ ಫೈಲು ತೆರೆಯಲೊಲ್ಲದು. ‘ಬಿ’ ಒಂದೋ, ಎರಡೋ? ಕೊನೆಯಲ್ಲಿ ಎಷ್ಟು ‘ಎ’? ಹತ್ತು ಬಗೆಯಲ್ಲಿ ಹೊಡೆದು ಸೋತು, ಮಾಲೂರಿನ ಗೆಳೆಯ ನಂಜುಂಡಪ್ಪನಿಗೆ ಫೋನು ಮಾಡಿದೆ. “ಇನ್ನೊಂದು ಕಾಪಿ ಮಡಗಿಲ್ವೇನ್ಲಾ?” ಎಂದ. “ಇದೆ ಕಣೋ. ಅದೇ ಕಂಪ್ಯೂಟರಲ್ಲಿ, ಅದೇ ಪಾಸ್‌ವರ್ಡು” ಎಂದೆ. “ಭಲೇ! ಎರಡು ಬೀಗದಕೈನೂ ಒಳಗಿಟ್ಟು ಬಾಗಿಲು ಎಳ್ಕೊಂಡಿದ್ದೀಯ” ಎಂದು ನಕ್ಕ. ನನಗೆ ಮಾತ್ರ ಅಳು ಬಂತು, ಸುಳ್ಳೇಕೆ ಹೇಳಲಿ? ಪದ ಕೊಟ್ಟ ಅಜ್ಜಿಯರಲ್ಲಿ ಅರ್ಧ ಜನ ಈಗ ಇಲ್ಲ. ಮತ್ತೆ ಯಾರನ್ನು ಕೇಳಲಿ?

ಅಷ್ಟರಲ್ಲಿ ಹೆಂಡತಿ ಸುಶೀಲ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. “ಕೊಬ್ಬರಿಕಾಯ ತಾನೇ? ಎರಡು ಬಿ, ಕೊನೇಲಿ ಒಂದೇ ಎ. ಹೊಡೀರಿ.”

ತೆರೆಯಿತು! ಜೀವ ಬಂದಂತಾಯಿತು. ಬೆನ್ನಿಗೇ ಸಿಟ್ಟೂ ಬಂತು. “ನಿನಗೆ ಹೇಗೆ ಗೊತ್ತು?”

“ದಿನಾ ಒಂದನೇ ಕ್ಲಾಸಿನವರಿಗೆ ಹೇಳ್ಕೊಟ್ಟಂಗೆ ಕೆ, ಓ, ಬಿ, ಬಿ ಅಂತ ಕೂಗ್ಕೊಂಡೇ ಹೊಡೀತೀರಲ್ರೀ! ಗೋಡೆಯಾಚೆ ರತ್ನಮ್ಮಂಗೂ ಬಾಯಿಪಾಠ ಆಗಿದೆ.”

ಅವತ್ತೇ ಒಂದು ಕಾಪಿಯನ್ನು ಪೆನ್‌ಡ್ರೈವಿಗೆ ಹಾಕಿ ನಂಜುಂಡಪ್ಪನ ಮನೆಗೆ ಮುಟ್ಟಿಸಿದೆ. ಪಾಸ್‌ವರ್ಡನ್ನೂ ಬದಲಾಯಿಸಿದೆ. ಈ ಸಲ ಯಾರ ಊಹೆಗೂ ನಿಲುಕದ ಅಚ್ಚಗನ್ನಡ ಪದ. ಅದೇನೆಂದು ನಿಮ್ಮ ಹತ್ತಿರ ಬಾಯಿಬಿಡುವಷ್ಟು ದಡ್ಡ ನಾನಲ್ಲ. ಮರುದಿನ ಬಾಗಿಲು ಭದ್ರಪಡಿಸಿ ಕೂತು ಹೊಡೆದೆ. ತೆರೆಯಲಿಲ್ಲ. ಮತ್ತೆ ಹೊಡೆದೆ. ಊಹೂಂ.

“ಮೇಷ್ಟ್ರೇ,” ಗೋಡೆಯಾಚೆಯಿಂದ ರತ್ನಮ್ಮ ಕೂಗಿದರು, “ತೆಂಗಿನಕಾಯಲ್ಲಿ ಒಂದು ಎನ್ ಬಿಟ್ರಿ!”

ತಿದ್ದಿಕೊಂಡೆ. ತೆರೆಯಿತು.