ಕಡ ತಂದ ಮಕ್ಕಳು

ನನ್ನ ಸೋದರಮಾವ ಜೀವಮಾನದಲ್ಲಿ ಯಾರ ಮಕ್ಕಳನ್ನೂ ಕದ್ದವರಲ್ಲ. ಕಡ ತಂದದ್ದು ಮಾತ್ರ ಉಂಟು! ತಂದದ್ದನ್ನು ಹೊತ್ತು ಮುಳುಗುವ ಮೊದಲು ಮೂಗು ಒರೆಸಿ ಹಿಂದಿರುಗಿಸುತ್ತಿದ್ದರು. ಪಕ್ಕದ ಮನೆಯಿಂದ ತಂದ ಸಕ್ಕರೆಯ ವಿಷಯದಲ್ಲಿ ಅವರು ಇಷ್ಟು ಪ್ರಾಮಾಣಿಕರಾಗಿರಲಿಲ್ಲ.

ಮಾವ ಅಮ್ಮನ ತಮ್ಮ. ಉಡುಪಿ ಕಡೆಯಿಂದ ಎಳೆಯ ಪ್ರಾಯದಲ್ಲಿ ಬಂದು, ಮದುವೆಯಾಗದೆ ಡೊಂಬಿವಲಿಯ ನಮ್ಮ ಮನೆಯಲ್ಲೇ ಉಳಿದವರು. ನಿವೃತ್ತಿಯ ತನಕ ಮುಂಬಯಿ ಫೋರ್ಟಿನ ಆಫೀಸಿಗೆ ಲೋಕಲ್‌ನಲ್ಲಿ ಹೋಗಿ ಬಂದು, ಜಗತ್ತನ್ನೆಲ್ಲ ರೈಲಿನಿಂದಲೇ ಅಳೆಯುವ ರೂಢಿಯಾಗಿಬಿಟ್ಟಿತ್ತು. ಶಹಾಡಿನಿಂದ ಒಮ್ಮೆ ಒಳ್ಳೆಯ ಸಂಬಂಧ ಬಂದಿತ್ತಂತೆ. ಕಲ್ಯಾಣದಿಂದಾಚೆ ಗಾಡಿ ಕಡಿಮೆ ಎಂದು ಬೇಡವೆಂದರಂತೆ! ಹುಡುಗಿ ಹೇಗಿದ್ದಳೋ ಎಂದು ಅಜ್ಜಿ ಕೇಳಿದರೆ, "ಹುಡುಗಿ ಚಂದವೇ ಇದ್ದಳು, ಟೈಮ್‌ಟೇಬಲ್ ಚಂದ ಇರಲಿಲ್ಲ" ಎಂದರಂತೆ. ಇಂಥವರಿಗೆ ಏನು ಹೇಳುತ್ತೀರಿ?

ನಾನು ಎಂಬಿಬಿಎಸ್ ಮುಗಿಸಿ ಮಕ್ಕಳ ವೈದ್ಯಳಾಗಲು ಎಂ.ಡಿ. ಸೀಟಿಗೆ ಪರೀಕ್ಷೆ ಬರೆದಾಗ, ನನ್ನ ರ‍್ಯಾಂಕಿಗೆ ಸಿಗಬಹುದಾದ ಆಸ್ಪತ್ರೆಗಳು ಮೂರು: ಥಾಣೆಯಲ್ಲೊಂದು, ನವಿ ಮುಂಬಯಿಯಲ್ಲೊಂದು, ಪುಣೆಯಲ್ಲೊಂದು. ಮೂರು ವರ್ಷ ಅಲ್ಲೇ ದುಡಿದು, ನಿದ್ದೆ ಸಿಕ್ಕರೆ ಅಲ್ಲೇ ಮಲಗಿ ಕಲಿಯಬೇಕು. ಯಾವುದನ್ನು ಆರಿಸುವುದು? ನಾನು ಸೀನಿಯರುಗಳನ್ನು ಕೇಳುತ್ತಿದ್ದರೆ ಮಾವ ಆಗಲೇ ತೀರ್ಪು ಕೊಟ್ಟಾಗಿತ್ತು. ಪುಣೆ ಬೇಡ, ಲೋಕಲ್ ಹೋಗದ ಊರು ಅವರ ಪಾಲಿಗೆ ವಿದೇಶ. ನವಿ ಮುಂಬಯಿಗೆ ಥಾಣೆಯಲ್ಲಿಳಿದು ಇನ್ನೊಂದು ಗಾಡಿ ಹಿಡಿಯಬೇಕು, ಹಾಗೆ ಗಾಡಿ ಬದಲಿಸಿ ಹೋದವಳು ಮನೆಗೆ ಬರುವುದು ದೀಪಾವಳಿಗೆ ಮಾತ್ರ. ಥಾಣೆಯಾದರೆ ಫಾಸ್ಟ್ ಗಾಡಿ ಉಂಟು; ಡ್ಯೂಟಿಗಳ ನಡುವೆ ನಾನು ಬಂದು ಉಂಡು ಹೋಗಬಹುದು, ಬಾರದಿದ್ದರೆ ಅವರೇ ಡಬ್ಬಿ ತರಬಹುದು.

ಆದರೂ ಕಣ್ಣಾರೆ ನೋಡದೆ ಹೇಳಬಾರದಲ್ಲ! ಥಾಣೆ ಆಸ್ಪತ್ರೆಯ ಮಕ್ಕಳ ಒಪಿಡಿಗೆ ಹೋಗಿ, ಡಾಕ್ಟರಿಗೆ ಕಾಯುವವರ ನಡುವೆ ಗಂಭೀರವಾಗಿ ಕೂತರು. ಕಾವಲಿನವನು, "ಅಂಕಲ್, ಬಚ್ಚಾ ಕಿಧರ್ ಹೈ?" ಎಂದ.

"ಆ ರಹಾ ಹೈ" ಎಂದರು ಮಾವ.

ಗಂಟೆ ಕಳೆದರೂ ಮಗು ಬಾರದ್ದನ್ನು ಕಂಡ ಅವನು, ಇನ್ನು ಹುಟ್ಟಬೇಕಷ್ಟೆಯೋ ಎಂದು ಕೇಳಿ, ರಟ್ಟೆ ಹಿಡಿದು ಹೊರಗೆ ಬಿಟ್ಟನಂತೆ.

ಅನುಭವದಿಂದ ಪಾಠ ಕಲಿತ ಮಾವ, ನವಿ ಮುಂಬಯಿಗೆ ಹೋಗುವಾಗ ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯ ಜೋಶಿ ಮಾವಶಿಯ ಮೊಮ್ಮಗಳು ಗಾರ್ಗಿಯನ್ನು ಕಡ ತೆಗೆದುಕೊಂಡರು. ನಾಲ್ಕು ವರ್ಷದ ಹುಡುಗಿ. ಬೇಕೆಂದಾಗ ಬೇಕಾದಷ್ಟು ನೆಗಡಿ ಅವಳ ಬಳಿ ದಾಸ್ತಾನಿರುತ್ತಿತ್ತು. ಅಲ್ಲಿನ ಹಿರಿಯ ಡಾಕ್ಟರಮ್ಮ ಗಾರ್ಗಿಯನ್ನು ಮುಟ್ಟಲೇ ಇಲ್ಲವಂತೆ. ಮಾವನ ಅಂಗಿಯ ಗುಂಡಿ ಬಿಚ್ಚಿಸಿ, ಮೊದಲು ಅವರ ಎದೆಗೆ ಸ್ಟೆತೊಸ್ಕೋಪ್ ಇಟ್ಟು, ಅಜ್ಜ ಅಳುತ್ತಾರೋ ನೋಡು ಎಂದರಂತೆ. ಮಾವ ಅಳಲಿಲ್ಲ. ಗಾರ್ಗಿ ನಕ್ಕು ತಾನೇ ಎದೆ ಮುಂದೊಡ್ಡಿದಳಂತೆ.

ಆ ದಿನ ಊಟಕ್ಕೆ ಕೂತಾಗ ಮಾವ ಬಟ್ಟಲಿನ ಅನ್ನವನ್ನೆಲ್ಲ ಉಂಡು ಮುಗಿಸಿದರು. ಕೊನೆಗೆ, "ನೀನು ನವಿ ಮುಂಬಯಿಗೇ ಹೋಗು ಮಾರಾಯ್ತಿ" ಎಂದರು.

"ಥಾಣೆ ಅಂತಿದ್ರಲ್ಲ ಮಾವ? ಫಾಸ್ಟ್ ಗಾಡಿ?"

"ಥಾಣೆ ನನಗೆ ಹತ್ತಿರ. ಕಲಿಯುವವಳು ನೀನಲ್ವಾ?" ಎನ್ನುತ್ತ, ಅನ್ನವೇ ಇಲ್ಲದ ಬಟ್ಟಲಿಗೆ ಮಜ್ಜಿಗೆ ಸುರಿದುಕೊಂಡರು.

ನವಿ ಮುಂಬಯಿಗೇ ಸೇರಿದೆ. ಮಾವ ಹೆದರಿದಂತೆಯೇ ಆಯಿತು. ಮೊದಲ ವರ್ಷದ ರೆಸಿಡೆಂಟ್ ಡಾಕ್ಟರಿಗೆ ಮನೆ ಎಂಬುದೊಂದು ವದಂತಿ! ಫೋನು ಎತ್ತಲೂ ಪುರುಸೊತ್ತಿಲ್ಲ. ವಾರವಿಡೀ ಕಿವಿಗೆ ಬೀಳುವುದು ಮರಾಠಿ, ಹಿಂದಿ ಮತ್ತು ಅಳು. ಅಜ್ಜಿ ಕಲಿಸಿದ ಕನ್ನಡದಲ್ಲಿ ನಾನು ಮಾತಾಡುತ್ತಿದ್ದದ್ದು ನನ್ನೊಂದಿಗೇ, ಹಾಸ್ಟೆಲಿನ ಬಚ್ಚಲಿನಲ್ಲಿ.

ಹೀಗಿರುವಾಗ ಒಂದು ಗುರುವಾರ ಒಪಿಡಿಯ ಸಾಲಿನಲ್ಲಿ ಯಾರು ನಿಂತಿರಬೇಕು? ಮಾವ! ಕೈಯಲ್ಲಿ ಗಾರ್ಗಿ, ಕೆಮ್ಮಂತೆ. ನನ್ನ ಮೇಡಂ, ಅದೇ ಹಿರಿಯ ಡಾಕ್ಟರಮ್ಮ, ಅಲ್ಲೇ ನೋಡುತ್ತಿದ್ದರು. ಅವರು ಕಲಿಸಿದಂತೆ ಮೊದಲು ಮಾವನ ಎದೆಗೆ ಸ್ಟೆತೊಸ್ಕೋಪ್ ಇಟ್ಟೆ. ಮಾವ ಮೆಲ್ಲಗೆ, "ಊಟ ಮಾಡಿದ್ಯಾ?" ಎಂದರು. ಮಾತಾಡಿದರೆ ಎದೆ ಕೇಳಿಸುವುದಿಲ್ಲ ಎಂದು ಗದರಿದೆ. ಹೋಗುವಾಗ ಗಾರ್ಗಿಯ ನೀರಿನ ಬಾಟ್ಲಿಯ ಚೀಲದಿಂದ ಕೋಡುಬಳೆಯ ಪೊಟ್ಟಣ ಹೊರಬಂತು.

ಆಮೇಲೆ ಗುರುವಾರ ತಪ್ಪಲಿಲ್ಲ. ಗಾರ್ಗಿಯ ಕೆಮ್ಮು ಮುಗಿದಾಗ ಮೂರನೇ ಮಹಡಿಯ ಅವಳಿಗಳು, ಅವರ ಹೊಟ್ಟೆನೋವು ಮುಗಿದಾಗ ಪಕ್ಕದ ವಿಂಗಿನ ಮಗುವಿನ ತುರಿಕೆ. ಎಲ್ಲಿ ನೋವು ಎಂದು ನಾನು ಕೇಳಿದರೆ ಅವಳಿಗಳಲ್ಲೊಬ್ಬಳು, ನನಗೇನೂ ಆಗಿಲ್ಲ, ಅಜ್ಜ ಕಿಟಕಿ ಸೀಟು ಕೊಡಿಸುತ್ತೇನೆ ಎಂದದ್ದಕ್ಕೆ ಬಂದೆ ಎಂದು ಮರಾಠಿಯಲ್ಲಿ ಸತ್ಯ ನುಡಿದುಬಿಟ್ಟಳು! ಮಾವ ಚಾವಣಿಯ ಫ್ಯಾನು ನೋಡುತ್ತ ನಿಂತರು. ಇವರಿಗೆ ಒಟ್ಟು ಎಷ್ಟು ಮೊಮ್ಮಕ್ಕಳು ಎಂದು ಮೇಡಂ ಕೇಳಿದಾಗ, ಒಂದು ಹೌಸಿಂಗ್ ಸೊಸೈಟಿಯಷ್ಟು ಎಂದೆ. ಆದರೆ ಪ್ರತಿ ಸಲವೂ ಮೊದಲು ಮಾವನ ಎದೆ, ಮೆಲುದನಿಯಲ್ಲಿ ಅದೇ "ಊಟ ಮಾಡಿದ್ಯಾ?" ವಾರಕ್ಕೆ ನನಗೆ ಸಿಗುತ್ತಿದ್ದ ಕನ್ನಡ ಅಷ್ಟೇ. ಬುಧವಾರದಿಂದಲೇ ಬಾಗಿಲು ನೋಡತೊಡಗುತ್ತಿದ್ದೆ.

ಮೇ ತಿಂಗಳು ಬಂತು. ಆ ಗುರುವಾರ ಮಾವನ ಸರದಿ ಬಂದಾಗ ಅವರ ಎರಡೂ ಕೈ ಖಾಲಿ. ನರ್ಸು, ಬಚ್ಚಾ ಎಲ್ಲಿ ಎಂದಳು. ಮಾವ ಈ ಸಲ 'ಆ ರಹಾ ಹೈ' ಎನ್ನಲಿಲ್ಲ. ಮೊಲದ ಚಿತ್ರ ಅಂಟಿಸಿದ ಪುಟ್ಟ ಸ್ಟೂಲಿನ ಮೇಲೆ ಮೊಣಕಾಲು ಮಡಚಿ ಕೂತು, ನನ್ನ ಮುಖ ನೋಡದೆ ಹೇಳಿದರು: "ಮಕ್ಕಳೆಲ್ಲ ರಜೆಗೆ ಊರಿಗೆ ಹೋಗಿದ್ದಾರೆ ಮಾರಾಯ್ತಿ. ಬಿಲ್ಡಿಂಗಿನಲ್ಲಿ ಯಾರಿಗೂ ಕೆಮ್ಮಿಲ್ಲ."

ಹೊರಗೆ ಸಾಲು ಬೆಳೆಯುತ್ತಿತ್ತು. ಮೇಡಂ ತಾವೇ ಮುಂದಿನ ಮಗುವನ್ನು ಕರೆದುಕೊಂಡರು. ನಾನು ಮಾವನ ಎದೆಗೆ ಸ್ಟೆತೊಸ್ಕೋಪ್ ಇಟ್ಟೆ. ಇಷ್ಟು ದಿನ ಮಕ್ಕಳಿಗೆ ತೋರಿಸಲೆಂದು ಇಟ್ಟವಳು ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ. ಅಂದು ಕೇಳಿಸಿಕೊಂಡೆ, ಎಷ್ಟೋ ಹೊತ್ತು. ಮಾವ ಊಟದ ಮಾತೆತ್ತದೆ ಉಸಿರು ಹಿಡಿದು ಕೂತಿದ್ದರು.

"ಹೇಗುಂಟು?" ಎಂದರು ಕೊನೆಗೆ.

"ಚೆನ್ನಾಗುಂಟು ಮಾವ."

"ಹಾಗಾದ್ರೆ ಇನ್ನು ತೋರಿಸ್ಬೇಕಂತ ಇಲ್ಲ?"

"ಉಂಟು. ಪ್ರತಿ ಗುರುವಾರ ತೋರಿಸ್ಬೇಕು" ಎಂದೆ. "ಮಗು ಬೇಡ. ನೀವೊಬ್ಬರೇ ಬನ್ನಿ."