ಮೂರನೇ ನಂಬರ್ ಬೆಲ್ಟು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಅಡವಿಯಪ್ಪನ ಹಸು ಒಂದು ದಿನ ಹೆಚ್ಚಿಗೆ ಕೊಟ್ಟ ಅರ್ಧ ಲೀಟರ್ ಹಾಲು. ಅದು ಚನ್ನೇಶನಿಗೆ ಗೊತ್ತಾಗುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು, ಅವನ ಗೈಡ್ ರೂಪಶ್ರೀ ಮೇಡಂ ಕಾರು ಹತ್ತಿ ತುಮಕೂರು ಬಿಟ್ಟಾಗಿತ್ತು.

ಗುಬ್ಬಿಯ ಚನ್ನೇಶ ಪಿಎಚ್‌ಡಿಗೆ ಸೇರಿ ಆರು ವರ್ಷ. ಗುಂಪಾಗಿ ಮೇಯುವ ಹಸುಗಳಲ್ಲಿ ಎತ್ತ ಹೋಗಬೇಕೆಂದು ತೀರ್ಮಾನ ಮಾಡುವ ಹಸು ಯಾವುದು ಎಂಬುದನ್ನು ಕಂಪ್ಯೂಟರ್ ಲೆಕ್ಕದಿಂದ ಕಂಡುಹಿಡಿಯುವುದು ಅವನ ಕೆಲಸ. ಅದಕ್ಕೆಂದೇ ಹೆಬ್ಬೂರಿನ ಪಕ್ಕದ ಹಳ್ಳಿಯಲ್ಲಿ ಏಳು ಮನೆಯ ಏಳು ಹಸುಗಳ ಕುತ್ತಿಗೆಗೆ ಒಂದರಿಂದ ಏಳರವರೆಗೆ ನಂಬರ್ ಬರೆದ ಜಿಪಿಎಸ್ ಬೆಲ್ಟು ಕಟ್ಟಿದ್ದ. ಯಾವ ಬೆಲ್ಟು ಎಲ್ಲಿದೆ ಎಂದು ತುಮಕೂರಿನ ರೂಮಿನಲ್ಲಿ ಕೂತೇ ನೋಡಬಹುದು. ಪುಣ್ಯಾತ್ಮ ಕೂತೇ ನೋಡಿದ. ಬಂದ ಫಲಿತಾಂಶಕ್ಕೆ ಮಂಚದ ಮೇಲೆ ಹತ್ತಿ ಕುಣಿದ. ಈ ಹಿಂಡಿಗೆ ನಾಯಕನೇ ಇಲ್ಲ! ಇವತ್ತು ಎರಡನೇ ಹಸು ಮುಂದೆ, ನಾಳೆ ಐದನೇದು, ನಾಡಿದ್ದು ಇನ್ಯಾವುದೋ. ಪಕ್ಕಾ ಪ್ರಜಾಪ್ರಭುತ್ವ.

ಇವತ್ತು ಸಂಜೆ ಐದರೊಳಗೆ ಮೇಡಂ ಸಹಿ ಬಿದ್ದರೆ ಪ್ರಬಂಧ ಸಲ್ಲಿಕೆ. ಬೀಳದಿದ್ದರೆ ರಿಜಿಸ್ಟ್ರೇಷನ್ನೇ ರದ್ದು, ಆರು ವರ್ಷ ನೀರುಪಾಲು. ಆದರೆ ಮೇಡಂ, ಹಸುಗಳನ್ನು ಕಣ್ಣಾರೆ ನೋಡಿಯೇ ಸಹಿ ಹಾಕುವುದು ಎಂದಿದ್ದರು.

ಬೆಳಿಗ್ಗೆ ಬಸ್ಸಿಳಿದು ಹಾಲಿನ ಡೈರಿ ಮುಂದೆ ಬಂದರೆ ಏನು ನೋಡುವುದು! ಬೆಲ್ಟುಗಳೆಲ್ಲ ಬಿಚ್ಚಿ ಬೆಂಚಿನ ಮೇಲೆ ಬಿದ್ದಿವೆ. ಡೈರಿ ಸೆಕ್ರೆಟರಿ ಪುಟ್ಟರಂಗಯ್ಯ ಡಬ್ಬ ಅಲ್ಲಾಡಿಸಿ ಚೀಟಿ ಎತ್ತುತ್ತಿದ್ದಾರೆ.

"ಏನಣ್ಣಾ ಇದು?"

"ಓ, ಬನ್ನಿ ಸಾರ್! ಮೂರನೇ ನಂಬರ್ ಕಟ್ಟಿದ ದಿನ ಅಡವಿಯಪ್ಪನ ಹಸ ಅರ್ಧ ಲೀಟರ್ ಜಾಸ್ತಿ ಕೊಡ್ತು. ಆಮೇಲೆ ನಂಗೆ ಮೂರು, ನಂಗೆ ಮೂರು ಅಂತ ಎಲ್ರೂ ಕಿತ್ತಾಡಕ್ಕೆ ನಿಂತ್ರು. ಅದ್ಕೇ ದಿನಾ ಚೀಟಿ ಎತ್ತಿ ಬೆಲ್ಟು ಹಂಚ್ತೀವಿ. ಯಾರ್ಗೂ ಮೋಸ ಇಲ್ಲ ನೋಡಿ."

ಚನ್ನೇಶ ಹಾಲಿನ ಕ್ಯಾನಿನ ಮೇಲೆ ಕುಸಿದು ಕೂತ. ಪ್ರಜಾಪ್ರಭುತ್ವ ಹಸುಗಳದ್ದಲ್ಲ, ಡೈರಿಯದ್ದು! ಅಷ್ಟರಲ್ಲಿ ಫೋನು ಬಡಿದುಕೊಂಡಿತು. "ಹೆಬ್ಬೂರಿಗೆ ಬಂದೆ ಚನ್ನೇಶ್. ಇನ್ನು ಹದಿನೈದು ನಿಮಿಷ."

"ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ. ಚೀಟಿ ವಿಷ್ಯ ಮೇಡಂಗೆ ಗೊತ್ತಾದ್ರೆ ನನ್ ಕತೆ ಮುಗೀತು. ಒಂದು ಕುರುಹೂ ಉಳೀಬಾರ್ದು!"

"ಚಿಂತೆ ಬುಡಿ ಸಾರ್," ಎಂದ ಪುಟ್ಟರಂಗಯ್ಯ ಹೆಂಡತಿ ಸುಬ್ಬಲಕ್ಷ್ಮಮ್ಮನಿಗೆ ಕಣ್ಸನ್ನೆ ಮಾಡಿದರು. ಆಕೆ ಡಬ್ಬ, ಚೀಟಿ ಎಲ್ಲವನ್ನೂ ಸೆರಗಿಗೆ ಬಾಚಿಕೊಂಡು ಮನೆಗೆ ನಡೆದರು.

ಲ್ಯಾಪ್‌ಟಾಪಿನ ಹಳೇ ಫೋಟೋ ನೋಡಿಕೊಂಡು ಚನ್ನೇಶ ಮನೆಮನೆಗೆ ಓಡಿ, ಆರು ಬೆಲ್ಟನ್ನು ಮೊದಲಿನ ಹಸುಗಳಿಗೇ ಕಟ್ಟಿದ. ಮೂರನೇದನ್ನು ಮಾತ್ರ ರಾಮಾಂಜಿನಯ್ಯ ಬೆಂಚಿನಿಂದ ಎತ್ತಿಕೊಂಡು ಹೋಗಿ ಆಗಲೇ ತನ್ನ ಹಸುವಿಗೆ ಬಿಗಿದಾಗಿತ್ತು.

"ಇಪ್ಪತ್ತು ದಿನ ಆದ್ಮೇಲೆ ಚೀಟೀಲಿ ನಂಗೆ ಮೂರು ಬಂದೈತೆ. ಸತ್ರೂ ಬಿಚ್ಚಲ್ಲ!"

ಚನ್ನೇಶ ತಾನೇ ಬಿಚ್ಚಲು ಕೈ ಹಾಕಿದ. ಹಸು ಬೆಚ್ಚಿ ರಾಗಿ ಹೊಲಕ್ಕೆ ನುಗ್ಗಿತು. ಹಿಂದೆ ಚನ್ನೇಶ, ಅವನ ಹಿಂದೆ ರಾಮಾಂಜಿನಯ್ಯ, ಅವರ ಹಿಂದೆ "ನನ್ ನಂಬರ್ ನಂಗೆ ಕೊಡ್ಲಾ" ಎನ್ನುತ್ತಾ ಅಡವಿಯಪ್ಪ. ಬದು ಹಾರುವಾಗ ಚನ್ನೇಶ ಮುಗ್ಗರಿಸಿ ಬಿದ್ದ, ಮಂಡಿ ತರಚಿತು. ನಾಳೆಯಿಂದ ವಾರ ಪೂರ್ತಿ ಮೂರನೇ ನಂಬರ್ ನಿಮಗೇ ಎಂದು ಆಣೆ ಇಟ್ಟ ಮೇಲೆ ರಾಮಾಂಜಿನಯ್ಯ ಬೆಲ್ಟು ಕೊಟ್ಟ. ಅದನ್ನು ಅಡವಿಯಪ್ಪನ ಹಸುವಿಗೆ ಕಟ್ಟುವುದಕ್ಕೂ ಕಾರು ಬಂದು ನಿಲ್ಲುವುದಕ್ಕೂ ಸರಿಹೋಯಿತು.

"ಈ ಬೆಲ್ಟುಗಳನ್ನ ಯಾರಾದ್ರೂ ಬದಲಾಯಿಸಿದ್ರಾ?" ಮೇಡಂ ಮೊದಲು ಕೇಳಿದ್ದೇ ಅದು.

"ಬೆಲ್ಟಾ? ಯಾವ ಬೆಲ್ಟು?" ಎಂದ ರಾಮಾಂಜಿನಯ್ಯ.

"ನಾವು ಹಸೂನೇ ಮುಟ್ಟಲ್ಲ ಮೇಡಂ," ಎಂದ ಅಡವಿಯಪ್ಪ, ದಿನಕ್ಕೆ ಎರಡು ಹೊತ್ತು ಹಾಲು ಕರೆಯುವ ಮಹಾನುಭಾವ.

ಮೇಡಂ ನಕ್ಕುಬಿಟ್ಟರು. "ನೋಡಿ ಚನ್ನೇಶ್, ನಿಮ್ಮ ಡೇಟಾ ಲಾಟ್ರಿ ಎತ್ತಿದ ಹಾಗಿದೆ. ನನಗೆ ಆವತ್ತೇ ಅನುಮಾನ ಬಂತು. ಬದಲಾಗಿದ್ರೆ ಹೇಳ್ಬಿಡಿ, ನಾನೇನು ನುಂಗಲ್ಲ. ಯಾವ ದಿನ ಯಾವ ಹಸೂಗೆ ಯಾವ ಬೆಲ್ಟಿತ್ತು ಅಂತ ಯಾರಾದ್ರೂ ಬರೆದಿಟ್ಟಿದ್ರೆ ಸಾಕು. ಕಂಪ್ಯೂಟರ್‌ಗೆ ಹಾಕಿದ್ರೆ ಅರ್ಧ ಗಂಟೇಲಿ ಎಲ್ಲಾ ಸರಿಹೋಗತ್ತೆ. ಇಲ್ಲೇ ಸಹಿ ಹಾಕ್ತೀನಿ." ಬ್ಯಾಗಿನಿಂದ ಪೆನ್ನನ್ನೂ ತೆಗೆದರು.

ಇಂಥ ದೇವತೆಗೆ ಸುಳ್ಳು ಹೇಳಲು ಹೊರಟಿದ್ದೆನಲ್ಲ ಎಂದು ಚನ್ನೇಶನಿಗೆ ನಾಚಿಕೆಯಾಯಿತು. ಚೀಟಿಯ ಕತೆ ಪೂರ್ತಿ ಒಪ್ಪಿಕೊಂಡು, ಪುಟ್ಟರಂಗಯ್ಯನವರ ಕೈ ಹಿಡಿದುಕೊಂಡ. "ಅಣ್ಣಾ, ಎಲ್ಲಾದ್ರೂ ಬರೆದಿಟ್ಟಿದೀರಾ?"

"ಬರೀದೆ ಬುಡ್ತೀವಾ ಸಾರ್? ಬರೀದಿದ್ರೆ ನಮ್ಮೋರು ಸುಮ್ನಿರ್ತಾರಾ? ನಾಲ್ಕು ತಿಂಗಳಿಂದು, ಒಂದಿನಾನೂ ಬಿಡದಂಗೆ, ಎಲ್ರ ಸೈನ್ ಸಮೇತ ದಪ್ಪನೇ ಪುಸ್ತಕ."

ಚನ್ನೇಶನಿಗೆ ಅವರನ್ನು ಎತ್ತಿಕೊಂಡು ಕುಣಿಯಬೇಕೆನ್ನಿಸಿತು. "ಎಲ್ಲಿದೆ ಅಣ್ಣಾ? ಬೇಗ ಕೊಡಿ!"

ಪುಟ್ಟರಂಗಯ್ಯ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದರು. ಸುಬ್ಬಲಕ್ಷ್ಮಮ್ಮ ಆಗಷ್ಟೇ ಹಿತ್ತಿಲಿನಿಂದ ಬಂದು, ಹೊಗೆ ತುಂಬಿದ ಕಣ್ಣನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ನಿಂತಿದ್ದರು. ಚನ್ನೇಶನನ್ನು ನೋಡಿ ಅಕ್ಕರೆಯಿಂದ ಅಂದರು:

"ನೀವೇನೂ ಹೆದರ್ಬ್ಯಾಡಿ ಸಾಮಿ. ನೀವು ಹೇಳ್ದಂಗೇ ಒಂದು ಹಾಳೇನೂ ಬಿಟ್ಟಿಲ್ಲ. ಹಂಡೆ ನೀರು ಚೆನ್ನಾಗಿ ಕಾದೈತೆ, ಮೈಗೆ ಎರಡು ಚೊಂಬು ಹಾಕ್ಕೊಂಡು ಬನ್ನಿ."