ಕಾಕಾನ ಸಿಳ್ಳೆ, ಬೆಟ್ಟದ ಹಕ್ಕಿ

ಭಾಲ್ಕಿಯ ನಮ್ಮ ಕಾಕಾನ ಜೀವ ಒಂದು ಹಕ್ಕಿಯ ಮೇಲಿದೆ ಎಂದರೆ ನೀವು ನಂಬುವುದಿಲ್ಲ. ಹಕ್ಕಿಗಂತೂ ಈ ಸಂಗತಿ ಗೊತ್ತೇ ಇಲ್ಲ! ಒಮ್ಮೆ ಗೆಳೆಯರ ಜೊತೆ ಚಿಕ್ಕಮಗಳೂರಿನ ಬೆಟ್ಟ ಹತ್ತಿದ್ದಾಗ, ಮಂಜು ಕವಿದ ಕಾಡಿನ ಪೊದೆಯೊಳಗಿಂದ ಗುಬ್ಬಿ ಗಾತ್ರದ ನೀಲಿ ಹಕ್ಕಿಯೊಂದು ಹಾಡಿತಂತೆ. ಅಂದಿನಿಂದ ಕಾಕಾನ ಬಾಯಲ್ಲಿ ಅದೇ ರಾಗದ ಸಿಳ್ಳೆ. ಹಲ್ಲುಜ್ಜುವಾಗ ಮಾತ್ರ ನಮಗೆ ಬಿಡುವು.

"ಆ ಹಕ್ಕಿ ತಣ್ಣನ್ನ ಬೆಟ್ಟ ಬಿಟ್ಟು ಕೆಳಗ ಇಳಿಯಂಗಿಲ್ಲಂತ. ಈ ಬಿಸಿಲಾಗ ಯಾರಿಗಿ ಕರೀತೀರಿ?" ಎಂದು ಕಾಕಿ ರೇಗುತ್ತಿದ್ದರು.

"ಹಾದಿ ತಪ್ಪಿ ಬಂದ್ರ? ಊರಾಗ ಒಬ್ಬರರ ಗುರ್ತಿನವರು ಬ್ಯಾಡೇನು ಅದಕ್ಕ?"

ಹಕ್ಕಿ ಬರಲಿಲ್ಲ, ಕುರಿಗಳು ಬಂದವು! ಜನವಾಡಕ್ಕೆ ನನಗೆ ಹೆಣ್ಣು ನೋಡಲು ಹೋಗಿದ್ದೆವು. ಚಹಾ ಬರುವುದು ತಡವಾಯಿತೆಂದು ಕಾಕಾ ಹೊಸ್ತಿಲಲ್ಲಿ ನಿಂತು ರಾಗ ಎತ್ತಿದರು. ನಮ್ಮ ಕಡೆ ಕುರಿ ಕರೆಯುವುದೂ ಸಿಳ್ಳೆಯಿಂದಲೇ ಅಲ್ಲವೇ? ರಸ್ತೆಯಲ್ಲಿ ಹೊರಟಿದ್ದ ಹಿಂಡು ನೇರ ಮನೆಗೇ ನುಗ್ಗಿತು. ಹುಡುಗಿಯ ಮುಖವನ್ನು ನನಗಿಂತ ಮೊದಲು ಟಗರುಗಳು ನೋಡಿದವು! ಹಿಂದೆಯೇ ಕುರಿಗಾರನ ಕೂಗು: "ಯಾರ್ರಿ ಅದು, ನನ್ನ ಕುರಿಗಿ ಕರದವರು?" ಹುಡುಗಿ ಬಿದ್ದು ಬಿದ್ದು ನಕ್ಕಳು. ಆಕೆಯೇ ಈಗ ನನ್ನ ಹೆಂಡತಿ.

ಹೋದ ಚಳಿಗಾಲದಲ್ಲಿ ಒಂದು ದಿನ ಕಾಕಾ ಹಾಸಿಗೆಯಿಂದ ಏಳುವಾಗ ಬಾಯಿ ಒಂದು ಕಡೆಗೆ ವಾರೆಯಾಗಿತ್ತು. ಪಾರ್ಶ್ವವಾಯುವೇ ಎಂದು ಹೆದರಿ ದವಾಖಾನೆಗೆ ಕರೆದೊಯ್ದೆವು. ಬೀದರಿನ ಡಾಕ್ಟರು ಪರೀಕ್ಷಿಸಿ, "ಜೀವಕ್ಕೇನು ಖತ್ರಾ ಇಲ್ರಿ, ಮುಖದ ನರ ಸೋತದ. ಎಲ್ಲಿ, ಒಂದು ಸಿಳ್ಳಿ ಹಾಕ್ರಿ ನೋಡೋಣ" ಎಂದರು. ಕಾಕಾನಿಗೆ ಸಿಳ್ಳೆ ಹಾಕು ಎಂದವರು ಈ ಭೂಮಿಯ ಮೇಲೆ ಅವರೊಬ್ಬರೇ! ಕಾಕಾ ಹುರುಪಿನಿಂದ ತುಟಿ ಕೂಡಿಸಿದರು. ಬರೀ ಗಾಳಿ ಬಂತು.

"ಬಹಳ ಮಂದಿಗಿ ಸುಧಾರಿಸ್ತದ್ರಿ. ಕೆಲವರಿಗಿ ಪೂರಾ ಆಗಂಗಿಲ್ಲ," ಎಂದರು ಡಾಕ್ಟರು.

ಮನೆ ತಣ್ಣಗಾಯಿತು. ಕಾಕಾ ಮಾತ್ರೆ ನುಂಗಿ, ಕನ್ನಡಿಯ ಮುಂದೆ ಕೂತು ಗಲ್ಲ ಉಬ್ಬಿಸುವರು, ಊದುವರು, ಮತ್ತೆ ಊದುವರು. ಸಿಳ್ಳೆ ನಿಲ್ಲಲಿ ಎಂದು ಹರಕೆ ಹೊರುವುದೊಂದೇ ಬಾಕಿ ಇದ್ದ ಕಾಕಿಗೆ ಈಗ ಊಟ ಸೇರದು. ಇನ್ನು ಆ ಸಿಳ್ಳೆ ಬರುವುದೇ ಇಲ್ಲವೇನೋ ಎಂದು ನನಗೂ ಭಯವಾಗಿತ್ತು.

ಬಿಸಿಲು ಬಲಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಅಂಗಳದಿಂದ ಸಣ್ಣಗೆ ಕೇಳಿಸಿತು. ಅರ್ಧ ಗಾಳಿ, ಅರ್ಧ ರಾಗ. ಅಬ್ಬಾ! ಅದೇ ಹಕ್ಕಿಯ ರಾಗ! ರೊಟ್ಟಿ ಬಡಿಯುತ್ತಿದ್ದ ಕಾಕಿ ಓಡಿ ಬಂದು ಎದುರು ನಿಂತರು. ಕಾಕಾ ಗಾಬರಿಯಾಗಿ, "ಆಯ್ತು, ಆಯ್ತು, ಬಂದ್ ಮಾಡ್ತೇನಿ" ಎಂದರು.

ಕಾಕಿ ಹಿಟ್ಟಿನ ಕೈಯಿಂದಲೇ ಅವರ ಗಲ್ಲ ಮುಟ್ಟಿದರು. ಕಣ್ಣು ತುಂಬಿತ್ತು.

"ಇನ್ನೊಮ್ಮಿ ಹಾಕ್ರಿ."